ತುಳಿದಾಗ ಬರುವ ಸದ್ದು

೧೯೮೮ರಲ್ಲಿ ಏಳನೇ ಇಯತ್ತೆಗೆ ಶಾಲೆ ಬಿಟ್ಟೆ. ಕೂಡ್ಲಿಗಿಯ ಗ್ಯಾರೇಜೊಂದರಲ್ಲಿ ಕೆಲಸ ಕಲಿತು ಹಗರಿಬೊಮ್ಮನಹಳ್ಳಿಯಲ್ಲಿ ಸ್ವಂತ ಶೆಡ್ಡು ಹಾಕಿದೆ. ಬಾನೆಟ್ ಎತ್ತುವ ಮೊದಲೇ ಸದ್ದು ಕೇಳಿ ಗಾಡಿಯ ಕಾಯಿಲೆ ಹೇಳುತ್ತೇನೆಂದು ಕೊಟ್ಟೂರು, ಹಡಗಲಿಯಿಂದಲೂ ಜನ ಬರುತ್ತಿದ್ದರು. ಆ ಹೆಸರೇ ನನ್ನ ಅನ್ನ.

ಕಳೆದ ವರ್ಷ ಹಂಪಸಾಗರದ ಒಬ್ಬ ನರ್ಸಮ್ಮ ಕಾರು ತಂದರು.

“ಅಣ್ಣಾರ, ಕ್ಲಚ್ ತುಳಿದ್ರ ಗರಗರ ಅಂತೈತ್ರಿ. ನಾಳಿ ನಮ್ಮವ್ವನ್ನ ಕರ್ಕೊಂಡು ಉಚ್ಚಂಗಿದುರ್ಗಕ್ಕ ಹೋಗ್ಬೇಕು.”

ಅವರು ತುಳಿದರು, ನಾನು ಬಗ್ಗಿದೆ. ಎಂಜಿನ್ನಿನ ಗುಂಯ್ ಬಿಟ್ಟರೆ ಏನೂ ಕೇಳಿಸಲಿಲ್ಲ. ಕೆಲವು ತಿಂಗಳಿಂದ ಸಣ್ಣ ಸದ್ದುಗಳು ನನಗೆ ತಪ್ಪುತ್ತಿದ್ದವು. ಯಾರಿಗೂ ಹೇಳಿರಲಿಲ್ಲ.

“ಏನಿಲ್ರಿ, ಆರಾಮ ಹೋಗಿ ಬರ್ರಿ” ಎಂದುಬಿಟ್ಟೆ.

ಬುತ್ತಿ ತಂದಿದ್ದ ನನ್ನ ಹೆಂಡತಿ ಅಲ್ಲೇ ನಿಂತಿದ್ದಳು. “ಏನಿಲ್ಲಂದ್ರ? ಒಣಾ ಬೀಸುಕಲ್ಲು ತಿರುವಿದಂಗ ಬರಾಕತ್ತೈತಲ್ಲ!”

“ರೊಟ್ಟಿ ಇಟ್ಟು ಹೋಗು ನೀನು.”

“ಇಡ್ತೀನಿ. ತಂಗೆವ್ವ, ಕಾಲು ತಗಿ. ನಿಂತಿತು. ಈಗ ತುಳಿ. ಬಂತು ನೋಡ್ರಿ.”

ತುಳಿದಾಗ ಬಂದು, ಬಿಟ್ಟಾಗ ನಿಂತರೆ ಅದು ರಿಲೀಸ್ ಬೇರಿಂಗಿನ ಸದ್ದು. ಪೆಡಲ್ ತುಳಿದಾಗ ಬೇರಿಂಗ್ ಮುಂದೆ ಸರಿದು, ತಿರುಗುವ ಕ್ಲಚ್ ಪ್ಲೇಟಿನ ಬೆರಳಿನಂಥ ಪಟ್ಟಿಗಳನ್ನು ಒತ್ತುತ್ತದೆ; ಕಾಲು ತೆಗೆದರೆ ಅದಕ್ಕೆ ಬಿಡುವು. ಸದಾ ಪೆಡಲ್ ಮೇಲೆ ಕಾಲಿಟ್ಟು ಓಡಿಸುವವರು ಆ ಬಿಡುವು ಕೊಡುವುದಿಲ್ಲ. ಒಳಗಿನ ಗ್ರೀಸು ಒಣಗಿ ಗುಂಡುಗಳು ಸವೆಯುತ್ತವೆ. ಒಡೆದರೆ ಗೇರು ಬೀಳದೆ ಗಾಡಿ ದಾರಿಯಲ್ಲೇ ನಿಲ್ಲುತ್ತದೆ.

ಉದ್ದನೆಯ ಸ್ಕ್ರೂಡ್ರೈವರ್ ತೆಗೆದು ಗೇರ್‌ಬಾಕ್ಸಿಗೆ ತುದಿ ಒತ್ತಿ, ಮರದ ಹಿಡಿಯನ್ನು ಹಲ್ಲಲ್ಲಿ ಕಚ್ಚಿದೆ. ನರ್ಸಮ್ಮ ಮತ್ತೆ ತುಳಿದರು. ಕಿವಿಗೆ ಸಿಗದ ಗರಗರ ಅದುರಾಗಿ ದವಡೆಗೆ ಹತ್ತಿತು. ಹೆಂಡತಿ ನನ್ನತ್ತ ನೋಡದೆ ಬುತ್ತಿ ಬಿಚ್ಚುತ್ತಿದ್ದಳು.

“ನಂದು ತಪ್ಪಾತ್ರಿ. ಗಾಡಿ ಬಿಟ್ಟು ಹೋಗ್ರಿ, ಸಂಜಿಗೆ ಕೊಡ್ತೀನಿ” ಎಂದೆ. ಅಷ್ಟು ಹೇಳುವುದು ಗೇರ್‌ಬಾಕ್ಸ್ ಇಳಿಸುವುದಕ್ಕಿಂತ ಭಾರವಾಗಿತ್ತು. ಇಳಿಸಿ ನೋಡಿದರೆ ಬೇರಿಂಗ್ ಸುಟ್ಟು ನೀಲಿಗಟ್ಟಿತ್ತು. ಸಂಜೆ ಹೊಸದು ಹಾಕಿ ಕೊಟ್ಟು, ಗೇರು ಬದಲಿಸದಾಗ ಎಡಗಾಲು ಕೆಳಗಿಟ್ಟು ಓಡಿಸಲು ಹೇಳಿದೆ.

ಅವರು ಹೋದ ಮೇಲೆ ಹೆಂಡತಿ ಕೇಳಿದಳು: “ಯಾವಾಗಿಂದ ಕಿವಿ ಕೇಳಿಸವಲ್ದು?”

“ಉಗಾದಿಯಿಂದ.”

“ಅದಕ್ಕ ನಾ ಒಳಗಿಂದ ಕರದ್ರ ಓ ಅಂತಿದ್ದಿಲ್ಲ. ನನ್ ಮ್ಯಾಲ ಸಿಟ್ಟೈತಿ ಅಂತ ತಿಳ್ಕೊಂಡಿದ್ನಲ್ಲ, ಇಷ್ಟು ದಿನ!”

ಮರುದಿನದಿಂದ ಅವಳು ಬುತ್ತಿ ತಂದವಳು ಸಂಜೆಯವರೆಗೂ ಶೆಡ್ಡಿನಲ್ಲೇ ಕೂರುತ್ತಾಳೆ. ಗಾಡಿ ಬಂದರೆ ಮೊದಲು ಅವಳು ಕೇಳುತ್ತಾಳೆ, ಆಮೇಲೆ ನಾನು ಕಚ್ಚುತ್ತೇನೆ.

ಈಗ ನನಗಿರುವುದು ಒಂದು ಶೆಡ್ಡು, ಎರಡು ಜಾಕು, ಹಲ್ಲಿನ ಗುರುತಿರುವ ಒಂದು ಸ್ಕ್ರೂಡ್ರೈವರ್, ಸ್ಟೂಲು ಎರಡು.