ಕಂಬಳಿ ಹೊದ್ದು ಬಿಲ್ಲು ಹಿಡಿದವನು

ಮೂಡಣ ಇನ್ನೂ ಸರಿಯಾಗಿ ಕೆಂಪೇರಿಲ್ಲ. ದೇವನಕೊಂಡದ ಹೊರಗಿನ ಹೊಲದಲ್ಲಿ, ಜಾಲಿಮುಳ್ಳಿನ ಬೇಲಿಯೊಳಗೆ ಕುರಿಗಳು ಒಂದಕ್ಕೊಂದು ಒತ್ತಿಕೊಂಡು ಮಲಗಿವೆ. ಬೇಲಿಯ ಹೊರಗೆ ಉಚ್ಚೀರಪ್ಪ ತಲೆ ತುಂಬ ಕಂಬಳಿ ಹೊದ್ದು ನಿಂತಿದ್ದಾನೆ. ಕೈಯಲ್ಲಿ ಬಿದಿರಿನ ಬಿಲ್ಲು. ತೋಳ ಬಂದರೆ ಎಲ್ಲಿ ನಿಂತು ಹೊಂಚು ಹಾಕುತ್ತದೋ ಆ ಜಾಗದಲ್ಲಿ ಜೋಳದ ದಂಟಿನ ಸಿವುಡೊಂದನ್ನು ನಿಲ್ಲಿಸಿದ್ದಾನೆ. ಹೆದೆ ಹಿಡಿದ ಬೆರಳು ದವಡೆಗೆ ತಾಗುವವರೆಗೆ ಎಳೆಯುತ್ತಾನೆ, ಉಸಿರು ಹಿಡಿಯುತ್ತಾನೆ, ಬಿಡುತ್ತಾನೆ. ಬಾಣ ಸಿವುಡಿನಲ್ಲಿ ನಾಟುತ್ತದೆ. ಅವನೇನೂ ಹಿಗ್ಗುವುದಿಲ್ಲ. ನಡೆದು ಹೋಗಿ ಬಾಣ ಕಿತ್ತು ತಂದು, ಮತ್ತೆ ಅದೇ ಜಾಗದಲ್ಲಿ ಅದೇ ರೀತಿ ಕಾಲೂರಿ ನಿಲ್ಲುತ್ತಾನೆ.

"ಒಂದು ಸಲ ಬಿದ್ರ ಅದು ದೇವರ ದಯಾ. ದಿನಾ ಅಲ್ಲೇ ಬಿದ್ರ ಆವಾಗ ಕೈ ನಂದು ಅನಬೇಕು," ಎನ್ನುತ್ತಾನೆ.

ಉಚ್ಚೀರಪ್ಪನಿಗೆ ಐವತ್ತು ದಾಟಿದೆ. ಕೊಯ್ಲು ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ಕೂಡಿ ತರುಬುವ ತಿಂಗಳುಗಳಲ್ಲಿ ಹಟ್ಟಿ ಕಾಯುವುದು ಅವನ ಕೆಲಸ. ಅವನಪ್ಪನದೂ ಅದೇ ಕೆಲಸವಾಗಿತ್ತು. ನಡುವೆ ಊರಿಗೊಂದು ನಾಡಬಂದೂಕು ಬಂತು, ಬಿಲ್ಲು ಅಟ್ಟ ಸೇರಿತು. ಈಗ ಯುದ್ಧದ ಕಾಲ. ಸೀಮೆಎಣ್ಣೆಗೇ ಪರದಾಡುವಾಗ ಬಂದೂಕಿನ ಮದ್ದು ಯಾರು ಕೊಟ್ಟಾರು? ಹಾಗಾಗಿ ಬಿಲ್ಲು ಮತ್ತೆ ಕೆಳಗಿಳಿದಿದೆ. ಅದಕ್ಕೆ ಒಂದಿಷ್ಟು ಎಣ್ಣೆ ಸವರಿದರೆ ಸಾಕಾಯಿತು. ಇಷ್ಟು ವರ್ಷ ಸುಮ್ಮನಿದ್ದ ಕೈಗೆ ಅಷ್ಟು ಸಾಲಲಿಲ್ಲ.

ಈ ಚಳಿಗಾಲದ ಮೊದಲಲ್ಲೇ ತೋಳ ಬಂತು. ಉಚ್ಚೀರಪ್ಪನ ಬಾಣ ಮೊಳದಷ್ಟು ಎಡಕ್ಕೆ ಹೋಯಿತು. ತೋಳ ಒಂದು ಗಬ್ಬದ ಕುರಿಯನ್ನು ಎಳೆದೊಯ್ದಿತು. ಕುರಿ ಪಂಪಣ್ಣನದು; ಹಟ್ಟಿಯಲ್ಲಿರುವ ಮುಕ್ಕಾಲು ಪಾಲು ಕುರಿಗಳು ಅವನವೇ. ಪಂಪಣ್ಣ ಬೈಯಲಿಲ್ಲ. ಅಂದು ಸಂಜೆಯಿಂದ ಕೊಡಲಿ ಹಿಡಿದು ತಾನೇ ಹಟ್ಟಿಗೆ ಬರತೊಡಗಿದ.

"ಬೈದಿದ್ರ ನುಂಗತಿದ್ದೆ," ಎನ್ನುತ್ತಾನೆ ಉಚ್ಚೀರಪ್ಪ. "ಕಾವಲುಗಾರನ ಬಾಜೂಕ ಇನ್ನೊಬ್ಬ ಕಾವಲು ಕುಂತ್ರ, ನಾ ಇದ್ರೆಷ್ಟು ಬಿಟ್ರೆಷ್ಟು?" ಆ ಅವಮಾನ ಅವನನ್ನು ಒಳಗೊಳಗೇ ಸುಟ್ಟಿದೆ. ಹೇಳುವಾಗ ಈಗಲೂ ಮುಖ ಆಚೆ ತಿರುಗಿಸುತ್ತಾನೆ.

ಅವತ್ತಿನಿಂದ ದಿನಾ ಬೆಳಗಾಗುತ್ತಲೇ ಅಭ್ಯಾಸ. ಸಿವುಡಿಗೆ ಬಿಟ್ಟ ಬಾಣ ಒಂದೂ ತಪ್ಪುತ್ತಿರಲಿಲ್ಲ. ಆದರೆ ನರಿಯೊಂದು ಹಟ್ಟಿಯ ಹತ್ತಿರ ಸುಳಿದಾಗ ಬಾಣ ಮತ್ತೆ ಎಡಕ್ಕೇ ಹೋಯಿತು. ಊರಿನವರು ಪುಕ್ಕಲುತನ ಎಂದರು. ಅವನು ಕಣ್ಣು ಮಂಜಾಗಿದೆ ಎಂದುಕೊಂಡು ಉರುಕುಂದದ ಈರಣ್ಣನಿಗೆ ಹರಕೆ ಹೊತ್ತು ಬಂದ. ಈರಣ್ಣನಾದರೂ ಏನು ಮಾಡಿಯಾನು, ಕಣ್ಣಿನಲ್ಲಿ ದೋಷವಿದ್ದರೆ ತಾನೇ!

ದೋಷ ಇದ್ದದ್ದು ಕಂಬಳಿಯಲ್ಲಿ. ಬಿಲ್ಲು ಹಿಡಿಯುವ ಮುಂಚೆ ಕಂಬಳಿ ತೆಗೆದಿಟ್ಟು ಬಿಲ್ಲಿಗೆ ಕೈಮುಗಿಯಬೇಕು ಎಂಬುದು ಇವರ ಮನೆತನದ ರೀತಿ. ಉಚ್ಚೀರಪ್ಪ ಅಭ್ಯಾಸದಲ್ಲಿ ಅದನ್ನು ಒಮ್ಮೆಯೂ ಬಿಟ್ಟವನಲ್ಲ. ಪ್ರಾಣಿ ಬಂದಾಗ ಮಾತ್ರ ಅದಕ್ಕೆಲ್ಲ ಪುರಸೊತ್ತಿಲ್ಲ. ಹೊದ್ದ ಕಂಬಳಿಯಲ್ಲೇ ಬಾಣ ಬಿಡುತ್ತಿದ್ದ. ಎದೆಯವರೆಗೆ ಎಳೆದ ಹೆದೆ ಕಂಬಳಿಯ ಅಂಚಿಗೆ ತಗುಲಿ ಬಾಣ ಎಡಕ್ಕೆ ಹೋಗುತ್ತಿತ್ತು. ಇದನ್ನು ಕಂಡುಹಿಡಿದವಳು ಹೆಂಡತಿ ಲಿಂಗಕ್ಕ. ಒಂದು ಬೆಳಿಗ್ಗೆ ಅಂಬಲಿ ತಂದವಳು ಗಂಡನ ಅಭ್ಯಾಸ ನೋಡುತ್ತ ನಿಂತು ನಕ್ಕೇಬಿಟ್ಟಳಂತೆ.

"ತೋಳ ಬಂದ್ರ, ತಡಿಯಪ್ಪಾ, ಕಂಬಳಿ ತಗದು ಕೈಮುಗುದು ಬರತೀನಿ ಅಂತೀಯೇನು? ಕಲಿಯಾದು ಬರಿಮೈಲೆ, ಹೊಡಿಯಾದು ಕಂಬಳಿ ಹೊತ್ತು. ಸರಿಪೋಯಿಂದಿ!" ಸರಿಹೋಯ್ತು ಎಂಬ ಆ ಕೊನೆಯ ಮಾತು ಅವಳ ತವರಿನ ತೆಲುಗು.

ಅಪ್ಪ ಹೇಗೆ ಹೊಡೆಯುತ್ತಿದ್ದ ಎಂದು ಕೇಳಿದರೆ ಉಚ್ಚೀರಪ್ಪನ ಬಳಿ ಉತ್ತರವಿದೆ. "ಅಪ್ಪನ ಕಾಲದಾಗ ಕಟಿಗಿ ಬೇಕಾದಷ್ಟಿತ್ತು. ಬೆಳತನಕ ಬೆಂಕಿ ಹಾಕ್ಕೊಂಡು ಬರಿಮೈಲೆ ಕುಂದರತಿದ್ದ. ನನಗ ಕಂಬಳೀನ ಬೆಂಕಿ."

ಈಗ ಅವನು ಬೆಳಿಗ್ಗೆ ಒಮ್ಮೆ ಕಂಬಳಿ ತೆಗೆದು ಬಿಲ್ಲಿಗೆ ಕೈಮುಗಿದು, ತಪ್ಪಾಯ್ತು ಎಂದು ಹೇಳಿಕೊಂಡು, ಮತ್ತೆ ಹೊದ್ದುಕೊಳ್ಳುತ್ತಾನೆ. ಎಡ ಅಂಚನ್ನು ಕಂಕುಳಡಿಯಿಂದ ತಂದು ಬೆನ್ನಿಗೆ ಗಂಟು ಹಾಕುತ್ತಾನೆ. ಹೆದೆಯನ್ನು ಎದೆಗೆ ಬದಲು ದವಡೆಗೆ ಎಳೆಯುತ್ತಾನೆ. ಹಳೆಯ ಕೈ ಸುಲಭಕ್ಕೆ ಮಾತು ಕೇಳುವುದಿಲ್ಲ. ಮೊಣಕೈ ಜಾರಿ ಎದೆಯತ್ತಲೇ ಹೋಗುತ್ತದೆ. "ಮಣಕೈ ಬಿತ್ತು ನೋಡು!" ಎಂದು ಲಿಂಗಕ್ಕ ಹಿಂದಿನಿಂದ ಕೂಗುತ್ತಾಳೆ. ಗಂಡನನ್ನು ತಿದ್ದುವ ಇಂಥ ಅವಕಾಶವನ್ನು ಯಾವ ಹೆಂಡತಿ ತಾನೇ ಬಿಟ್ಟಾಳು?

ಕಂಬಳಿ ಹೊದ್ದೇ ಬಿಲ್ಲು ಹಿಡಿಯುವುದು ಪಂಪಣ್ಣನಿಗೆ ಸರಿಕಾಣಲಿಲ್ಲ. "ಚಪ್ಪಲಿ ಮೆಟ್ಟಿಗೊಂಡು ಗುಡಿಯೊಳಗ ಹೋದಂಗಾತು," ಎಂದು ಮುಖ ಗಂಟಿಕ್ಕಿದ. ಉಚ್ಚೀರಪ್ಪ ಎದುರಾಡಲಿಲ್ಲ, ಅಭ್ಯಾಸವನ್ನೂ ಬಿಡಲಿಲ್ಲ.

ಹೋದ ವಾರ, ಬೆಳಕು ಹರಿಯುವ ಹೊತ್ತಿಗೆ, ತೋಳ ಮತ್ತೆ ಬಂತು. ಬೇಲಿಗೆ ಮೂಗು ತಾಗಿಸುವ ಮುಂಚೆ ಬಾಣ ಅದರ ತೊಡೆಗೆ ನಾಟಿತು. ತೋಳ ಊಳಿಡುತ್ತ, ಕುಂಟುತ್ತ ಹಳ್ಳದ ಕಡೆ ಓಡಿಹೋಯಿತು. ಕೊಡಲಿ ಹಿಡಿದು ಎದ್ದುನಿಂತಿದ್ದ ಪಂಪಣ್ಣ ಎಲ್ಲವನ್ನೂ ನೋಡಿದ. ಅಂದು ಸಂಜೆ ಅವನು ಹಟ್ಟಿಗೆ ಬರಲಿಲ್ಲ.

"ನನಗ ಗಾಬರಿ ಆತು, ಮೈಯಾಗ ಹುಷಾರಿಲ್ಲೇನೋ ಅಂತ," ಎನ್ನುತ್ತಾನೆ ಉಚ್ಚೀರಪ್ಪ, ಬಾಣದ ಮೊನೆಯ ಮಣ್ಣು ಒರೆಸುತ್ತ. "ಬೆಳಗಾದ ಮ್ಯಾಲ ನಮ್ಮಾಕೀನ ಹಟ್ಟಿಗೆ ನಿಲ್ಲಿಸಿ, ಅವರ ಮನಿತನಕ ಹೋಗಿ ನೋಡಿದೆ. ಬಿಸಿಲೇರಿತ್ತು. ಪಂಪಣ್ಣ ಜಗಲಿ ಮ್ಯಾಲ ಇನ್ನೂ ಗೊರಕಿ ಹೊಡಿಯಾಕತ್ತಿದ್ದ. ಎಬ್ಬಿಸಲಿಲ್ಲ. ಸಪ್ಪಳ ಮಾಡದಂಗ ಹೊಳ್ಳಿ ಬಂದೆ."