ನೆಟ್ಟನೆಯ ಕತ್ತಿನ ಗಿಟಾರು

ಕಟ್ಟಡದ ಕೆಲಸದವರೆಲ್ಲ ಅವನನ್ನು ಕರೆಯುತ್ತಿದ್ದುದು ಬಾಗಿಲಣ್ಣ ಅಂತ. ಗೋಡೆ ಎದ್ದ ಮೇಲೆ, ಬಣ್ಣ ಬಳಿಯುವವರು ಬರುವ ಮುಂಚೆ, ಮನೆ ಮನೆಗೂ ಬಾಗಿಲು ಕೂರಿಸಿ ಹೋಗುವುದು ಅವನ ಕೆಲಸ. ಬಾಗಿಲು ಕೈಗೆ ಬಂತೋ, ಒಂದು ಕಣ್ಣು ಮುಚ್ಚಿ ಅದರ ಅಂಚನ್ನು ಮೂಗಿನ ನೇರಕ್ಕೆ ಹಿಡಿದು ತುದಿಯವರೆಗೆ ನೋಡುತ್ತಿದ್ದ. ಕೂದಲೆಳೆಯಷ್ಟು ಸೊಟ್ಟ ಕಂಡರೂ ಸಾಕು, ‘ವಾಪಸ್ ಕಳಿಸಿ’ ಅನ್ನುತ್ತಿದ್ದ. ಮೇಸ್ತ್ರಿ ಬೈದರೂ ಅಷ್ಟೇ, ಮನೆ ಯಜಮಾನ ಕೈಮುಗಿದರೂ ಅಷ್ಟೇ. ಮನೆಯಲ್ಲೂ ಅದೇ ಚಾಳಿ. ಊಟಕ್ಕೆ ಕೂತವನು ಎದ್ದು ಹೋಗಿ ಗೋಡೆಯ ಕ್ಯಾಲೆಂಡರ್ ಸರಿಮಾಡಿ ಬಂದು ಆಮೇಲೆ ತುತ್ತು ಬಾಯಿಗಿಡಬೇಕು. ‘ನನ್ನನ್ನೂ ಹೀಗೇ ಒಂದು ಕಣ್ಣು ಮುಚ್ಚಿ ನೋಡೇ ಒಪ್ಪಿಕೊಂಡ್ರಾ?’ ಅಂತ ಹೆಂಡತಿ ರೇಗಿಸುತ್ತಿದ್ದಳು.

ಈಗ ರೇಗಿಸುವುದನ್ನೂ ಬಿಟ್ಟಿದ್ದಳು. ಬಿಸ್ಕತ್ತಿನ ಕಾರ್ಖಾನೆಯಲ್ಲಿ ಪೊಟ್ಟಣ ಕಟ್ಟುತ್ತಿದ್ದಾಗ ಒಂದು ದಿನ ಎಡಗೈ ಇದ್ದಕ್ಕಿದ್ದಂತೆ ಜೋತುಬಿತ್ತು. ಲಕ್ವ. ಮಾತು ವಾಪಸ್ ಬಂತು, ಕಾಲೂ ಬಂತು, ಎಡಗೈ ಬೆರಳುಗಳು ಮಾತ್ರ ಬಂದೂ ಬಾರದ ಹಾಗೆ ನಿಂತುಬಿಟ್ಟವು. ‘ಬೆರಳಿಗೆ ಕೆಲಸ ಕೊಡ್ತಾನೇ ಇರಬೇಕಮ್ಮ. ಬಿಟ್ರೆ ಹಾಗೇ ಮುದುಡಿಕೊಳ್ಳುತ್ತೆ, ಆಮೇಲೆ ಬಿಡಿಸೋಕಾಗಲ್ಲ’ ಅಂತ ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವಾಕೆ ಒಂದು ರಬ್ಬರ್ ಚೆಂಡು ಕೊಟ್ಟು ಕಳಿಸಿದ್ದಳು.

ಬಾಗಿಲಣ್ಣನ ಪಾಡೇನು ಕಮ್ಮಿಯೇ? ಹಗಲೆಲ್ಲ ಬಾಗಿಲು ಹೊತ್ತು ಹೆಗಲು ಬಿದ್ದುಹೋಗಿರುತ್ತಿತ್ತು. ಸಂಜೆ ಬಂದು ಅಡುಗೆ, ಪಾತ್ರೆ, ಬಟ್ಟೆ. ಹೆಂಡತಿಯ ತಲೆ ಬಾಚಿ ಜಡೆ ಹಾಕುವುದನ್ನೂ ಕಲಿತಿದ್ದ, ಜಡೆ ಮಾತ್ರ ಸೊಟ್ಟಗೇ ಬರುತ್ತಿತ್ತು. ಇಬ್ಬರೂ ಸುಸ್ತಾಗಿ ಹಣ್ಣಾಗಿದ್ದರು. ಒಂದು ಸಂಜೆ ಅವಳು ಚೆಂಡನ್ನು ಗೋಡೆಗೆ ಎಸೆದಳು.

‘ಇದನ್ನ ಹಿಸುಕಿ ಹಿಸುಕಿ ನನಗೆ ಹುಚ್ಚು ಹಿಡೀತಿದೆ. ಬೆರಳಾಡಿಸಬೇಕು ತಾನೆ? ಒಂದು ಗಿಟಾರಾದ್ರೂ ತಂದುಕೊಡಿ. ಚಿಕ್ಕವಳಿದ್ದಾಗಿಂದ ಆಸೆ ಇತ್ತು.’

ಮದುವೆಯಾಗಿ ಇಷ್ಟು ವರ್ಷವಾದರೂ ಈ ಆಸೆ ಅವನಿಗೆ ಗೊತ್ತೇ ಇರಲಿಲ್ಲ. ನಾದಿನಿ, ಅಂದರೆ ಅವಳ ತಂಗಿ, ಶಾಲೆಯೊಂದರಲ್ಲಿ ಸಂಗೀತದ ಟೀಚರು. ಅವಳಿಗೆ ಫೋನ್ ಮಾಡಿದ.

‘ಹಳೇದೇ ತಗೊಳ್ಳಿ ಭಾವ, ಕಲಿಯೋಕೆ ಸಾಕು. ಆದ್ರೆ ಕಣ್ಣುಮುಚ್ಚಿಕೊಂಡು ತರಬೇಡಿ. ತಂತಿ ತೀರಾ ಎತ್ತರಕ್ಕಿದ್ರೆ ಅಕ್ಕನ ಕೈಲಿ ಒತ್ತೋಕಾಗಲ್ಲ. ಪೆಟ್ಟಿಗೆ ಎಲ್ಲೂ ಬಿರುಕು ಬಿಟ್ಟಿರಬಾರದು, ತಂತಿ ಬಿಗಿಯೋ ಕಿವಿಗಳು ಜಾರಬಾರದು. ಎಲ್ಲಕ್ಕಿಂತ ಮುಖ್ಯ, ಕತ್ತಿನ ಮೇಲೆ ಅಡ್ಡಪಟ್ಟಿಗಳಿರುತ್ತಲ್ಲ, ಒಂದೊಂದರ ಹತ್ತಿರಾನೂ ತಂತಿ ಒತ್ತಿ, ಮೀಟಿ, ಕೇಳಿ. ಝರ್ ಅಂದ್ರೆ ಬೇಡ. ಕತ್ತೂ ನೋಡ್ಕೊಳ್ಳಿ, ಬಿಲ್ಲಿನ ಹಾಗೆ ಬಾಗಿರಬಾರದು...’

ಬಾಗಿಲಣ್ಣ ಒಲೆಯ ಮುಂದೆ ನಿಂತಿದ್ದ. ಮಿಕ್ಕದ್ದೆಲ್ಲ ಈ ಕಿವಿಯಲ್ಲಿ ಬಂದು ಆ ಕಿವಿಯಲ್ಲಿ ಹೋಯಿತು. ಉಳಿದದ್ದು ಕತ್ತು ಒಂದೇ. ನೆಟ್ಟಗಿರೋದು ಅಂದರೆ ಏನು ಅಂತ ನನಗೆ ಹೇಳಿಕೊಡ್ತಾಳಲ್ಲ ಇವಳು, ಅಂತ ಒಳಗೊಳಗೇ ನಕ್ಕ ಬೇರೆ!

ಮೊದಲು ನೋಡಿದ್ದು ಊರು ಬಿಡುತ್ತಿದ್ದ ನರ್ಸೊಬ್ಬಳ ಕೋಣೆಯಲ್ಲಿ. ಸಾಮಾನೆಲ್ಲ ರಟ್ಟಿನ ಪೆಟ್ಟಿಗೆ ಸೇರಿತ್ತು, ಗಿಟಾರೊಂದು ಮಂಚದ ಮೇಲಿತ್ತು. ಹೆಂಡತಿ ಪಕ್ಕದಲ್ಲಿ ಕೂತು, ಬಲಗೈಯಿಂದ ಎಡಗೈ ಬೆರಳನ್ನು ಎತ್ತಿ ತಂತಿಯ ಮೇಲಿಟ್ಟು ಒತ್ತಿದಳು. ಮೀಟಿದಳು. ಸಣ್ಣದೊಂದು ಸ್ವರ ಬಂತು. ಅವಳ ಮುಖ ಅರಳಿದ್ದನ್ನು ನರ್ಸು ನೋಡಿದಳು. ಬಾಗಿಲಣ್ಣ ನೋಡಲಿಲ್ಲ. ಅವನಾಗಲೇ ಗಿಟಾರನ್ನು ಕಿತ್ತುಕೊಂಡು ಒಂದು ಕಣ್ಣು ಮುಚ್ಚಿ ಕತ್ತಿನ ಉದ್ದಕ್ಕೂ ದಿಟ್ಟಿಸುತ್ತಿದ್ದ.

‘ಬಾಗಿದೆ’ ಅಂದ. ‘ನಡಿ.’

ಅವಳು ಎದ್ದಳು. ಮೆಟ್ಟಿಲು ಇಳಿಯುವಾಗ ಮಾತ್ರ ಒಮ್ಮೆ ಹಿಂದೆ ತಿರುಗಿ ನೋಡಿದಳು.

ಆಮೇಲೆ ಭಾನುವಾರಗಳೆಲ್ಲ ಇದರಲ್ಲೇ ಹೋದವು. ಎರಡೆರಡು ಬಸ್ಸು ಬದಲಿಸಿ ಹೋಗುವುದು, ಯಾರದೋ ಮನೆಯ ಸೋಫಾದ ತುದಿಯಲ್ಲಿ ಕೂರುವುದು, ಇವನು ಒಂದು ಕಣ್ಣು ಮುಚ್ಚುವುದು, ಸಪ್ಪೆ ಮುಖ ಮಾಡಿಕೊಂಡು ವಾಪಸ್ ಬರುವುದು. ‘ಯಾವುದಾದ್ರೂ ಒಂದು ಆಗಲಿ ಬಿಡ್ರೀ, ನನ್ನ ಕಾಲು ಸೋತುಹೋಯ್ತು’ ಅಂದಳು. ಕೇಳುವ ಪೈಕಿಯೇ ಆಸಾಮಿ? ಕೊನೆಗೆ ಒಂದು ಗುಜರಿ ಅಂಗಡಿಯಲ್ಲಿ ಸಿಕ್ಕಿತು ನೋಡಿ, ಗೆರೆ ಎಳೆದಷ್ಟು ನೆಟ್ಟಗಿದ್ದ ಕತ್ತು. ಬಾಗಿಲಣ್ಣ ಹಿಗ್ಗಿ ಹೀರೇಕಾಯಿಯಾದ. ಒತ್ತಿ, ಮೀಟಿ, ಕೇಳುವ ಗೋಜಿಗೇ ಹೋಗಲಿಲ್ಲ.

ಮನೆಗೆ ತಂದು ಅವಳ ಮಡಿಲಿಗಿಟ್ಟ. ಅವಳು ಒತ್ತಿದಳು. ಝರ್. ಬೆರಳು ಸರಿಸಿ, ತುಟಿ ಕಚ್ಚಿ, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಒತ್ತಿದಳು. ಮತ್ತೆ ಝರ್.

‘ಬೆರಳಿಗೆ ಇನ್ನೂ ಬಲ ಬಂದಿಲ್ಲ ಅಷ್ಟೇ. ಬರುತ್ತೆ, ಒತ್ತು’ ಅಂದ ಅವನು. ಪಾಪ, ಧೈರ್ಯ ಹೇಳುತ್ತಿದ್ದೇನೆ ಅಂತಲೇ ಅವನು ತಿಳಿದಿದ್ದ.

ಕೆಲವು ದಿನ ಒತ್ತಿದಳು. ಆಮೇಲೆ ಗಿಟಾರು ಬೀರುವಿನ ಹಿಂದೆ ಹೋಯಿತು. ಚೆಂಡು ಮಂಚದ ಕೆಳಗೆ ಹೋಯಿತು. ಅವಳು ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿ ನೋಡುತ್ತ ಕೂರುತ್ತಿದ್ದಳು. ಬಾಗಿಲಣ್ಣನಿಗೆ ಕಾಣುತ್ತಿತ್ತು, ಕಿರುಬೆರಳು ಒಳಕ್ಕೆ ಮುದುಡತೊಡಗಿತ್ತು. ಕೇಳಲು ಅವನಿಗೆ ಭಯ. ಅನ್ನ ಬಡಿಸಿ, ಪಾತ್ರೆ ತೊಳೆದು, ದೀಪ ಆರಿಸಿ ಮಲಗುತ್ತಿದ್ದ.

ನಾದಿನಿ ಶಾಲೆಯ ರಜೆಗೆ ಬಂದಳು. ಕಸ ಗುಡಿಸುವಾಗ ಬೀರುವಿನ ಹಿಂದೆ ಗಿಟಾರು ಕಂಡಿತು.

‘ಇದ್ಯಾಕಕ್ಕ ಇಲ್ಲಿ?’

‘ನನ್ನ ಬೆರಳು ಸತ್ತುಹೋಗಿದೆ ಕಣೇ. ಎಷ್ಟು ಒತ್ತಿದ್ರೂ ಝರ್ ಅನ್ನುತ್ತೆ. ನನಗೆ ಸಾಕಾಗಿದೆ, ಅಲ್ಲೇ ಇಡು.’

ನಾದಿನಿ ಇಡಲಿಲ್ಲ. ತಂತಿ ಬಿಗಿಮಾಡಿ, ತನ್ನ ಗಟ್ಟಿ ಬೆರಳಿನಿಂದ ಒತ್ತಿ ಮೀಟಿದಳು. ಝರ್. ಪಕ್ಕದ ಪಟ್ಟಿಯಲ್ಲೂ ಝರ್. ಕತ್ತನ್ನೊಮ್ಮೆ ನೋಡಿದಳು.

‘ಭಾವ, ಇದನ್ನ ಆರಿಸಿದ್ಯಾರು?’

‘ನಾನೇ. ನೋಡು ಹೇಗಿದೆ, ಗೆರೆ ಎಳೆದ ಹಾಗೆ!’

‘ಅದೇ ಎಡವಟ್ಟಾಗಿರೋದು. ತಂತಿ ಮೀಟಿದ್ರೆ ಅದಕ್ಕೆ ಅಲ್ಲಾಡೋಕೆ ಜಾಗ ಬೇಡ್ವಾ? ಬಿಲ್ಲಿನ ಹಾಗೆ ಬಾಗಬಾರದು ಅಂದೆ, ನಿಜ. ಹಾಗಂತ ಬಾಗಿಲಿನ ಹಾಗೂ ಇರಬಾರದು. ಕೂದಲೆಳೆಯಷ್ಟು ಬಗ್ಗಿರಬೇಕು, ಇಲ್ಲದಿದ್ರೆ ತಂತಿ ಪಟ್ಟಿಗೆ ಬಡಿಯುತ್ತೆ. ನನ್ನ ಕೈಯಲ್ಲೂ ಝರ್ ಅಂದಿತಲ್ಲ, ಕೇಳಿಸ್ತಾ? ಅಕ್ಕನ ಬೆರಳಿಗೇನಾಗಿದೆ!’

ಹೆಂಡತಿ ತಂಗಿಯನ್ನೂ ನೋಡಲಿಲ್ಲ, ಗಿಟಾರನ್ನೂ ನೋಡಲಿಲ್ಲ. ಬಾಗಿಲಣ್ಣನನ್ನೇ ನೋಡುತ್ತಿದ್ದಳು.

ಕತ್ತಿನೊಳಗೆ ಒಂದು ಕಬ್ಬಿಣದ ಸಲಾಕೆ ಇರುತ್ತದಂತೆ, ಅದನ್ನು ಕೊಂಚ ಸಡಿಲಿಸಿದರೆ ತಂತಿಯ ಎಳೆತಕ್ಕೆ ಕತ್ತು ತಾನಾಗಿ ಬಗ್ಗುತ್ತದಂತೆ. ಅದಕ್ಕೆ ಬೇಕಾದ ಸಣ್ಣ ಕೀಲಿ, ಬಾಗಿಲ ಹಿಡಿಗೆ ಬಳಸುವಂಥದ್ದೇ, ಅವನ ಚೀಲದಲ್ಲೇ ಇತ್ತು. ನಾದಿನಿ ತೋರಿಸಿದ ಕಡೆ ತೂರಿಸಿ ತಿರುಗಿಸಿದ. ಸೊಟ್ಟ ಇದ್ದದ್ದನ್ನು ನೆಟ್ಟಗೆ ಮಾಡಿಯೇ ಜೀವ ತೇಯ್ದ ಕೈ, ಈಗ ನೆಟ್ಟಗಿದ್ದದ್ದನ್ನು ಬಗ್ಗಿಸುತ್ತಿತ್ತು. ಅಭ್ಯಾಸಬಲ, ಒಂದು ಕಣ್ಣು ಮುಚ್ಚಿ ನೋಡಿದ. ಬಾಗು ಕಂಡಿತು. ಆ ನರ್ಸಿನ ಕೋಣೆಯಲ್ಲಿ ಕಂಡಷ್ಟೇ ಬಾಗು.

ಗಿಟಾರನ್ನು ಹೆಂಡತಿಯ ಮಡಿಲಿಗಿಟ್ಟು ನೆಲದ ಮೇಲೆ ಕೂತ. ‘ನಿನ್ನ ಬೆರಳಿಗೆ ಬಲ ಇಲ್ಲ ಅಂದುಬಿಟ್ಟೆನಲ್ಲ’ ಅಂದ.

ಅವಳು ಬಲಗೈಯಿಂದ ಎಡಗೈ ಬೆರಳನ್ನು ಬಿಡಿಸಿದಳು. ಬಿಡಿಸುವಾಗ ನೋವಾಗಿ ಮುಖ ಕಿವುಚಿದಳು. ತಂತಿಯ ಮೇಲಿಟ್ಟು ಒತ್ತಿ ಮೀಟಿದಳು. ಮೊಂಡಾದ, ಗಿಡ್ಡದೊಂದು ಸ್ವರ ಬಂತು. ಝರ್ ಅನ್ನಲಿಲ್ಲ.

‘ಮೊದಲನೇದೂ ಹೀಗೇ ಇತ್ತಲ್ವಾ?’ ಅಂದಳು.

‘ಹೂಂ.’

‘ಅವತ್ತೇ ಹೇಳೋಣ ಅಂತಿದ್ದೆ, ಸ್ವರ ಬಂತು ಅಂತ. ಹೇಳಿದ್ರೆ ಕೇಳ್ತಿದ್ರಾ?’

‘ಇಲ್ಲ’ ಅಂದ.

‘ಈಗ ಕೇಳಿ’ ಅಂದಳು, ಮತ್ತೆ ಒತ್ತಿದಳು.