ಟೆಸ್ಟರ್ ಹಿಡಿದು ಹಾಡು ಕೇಳಿಸಿದ ಫೋರ್‌ಮನ್

ಆ ಸಂಜೆ ನನಗೆ ಬಿದ್ದ ಖರ್ಚು ಸಾವಿರದ ಇನ್ನೂರು ರೂಪಾಯಿ, ಹಾಡಿನ ಕಾರ್ಯಕ್ರಮಕ್ಕೆ ಇಬ್ಬರ ಟಿಕೆಟ್ ಸೇರಿ. ಒಪ್ಪಿದ್ದಕ್ಕೆ ಕಾರಣ, ಕರೆದವರ ಬಲಗಿವಿಯ ಹಿಂದೆ ಹುಣಸೆ ಬೀಜದಷ್ಟು ಅಗಲಕ್ಕೆ ಕಪ್ಪಗೆ ಗಟ್ಟಿಯಾಗಿದ್ದ ಚರ್ಮ. ಮೂವತ್ತು ವರ್ಷ ಸ್ಕ್ರೂಡ್ರೈವರ್ ಹಿಡಿ ಒತ್ತಿ ಕಟ್ಟಿದ ಜಡ್ಡು ಅದು. ಓಡುತ್ತಿರುವ ಮಷಿನ್ನಿಗೆ ತುದಿ ತಾಗಿಸಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಕಣ್ಣು ಮುಚ್ಚಿ ನಿಂತರೆಂದರೆ ಒಳಗಿನ ಯಾವ ಬೇರಿಂಗ್ ಸವೆದಿದೆ ಎಂದು ಹೇಳಿಬಿಡುತ್ತಿದ್ದರು. ಅಂಥ ಕಿವಿಯವರು ‘ಕೇಳೋ ಹಂಗೈತಿ, ಬರ್ರಿ’ ಎಂದರೆ ಮಾಲು ಚೆನ್ನಾಗಿರಲೇಬೇಕು ಎಂದುಕೊಂಡೆ.

ಪೀಣ್ಯದಲ್ಲಿ ನನ್ನದು ತಗಡು ಒತ್ತುವ ಆರು ಪವರ್ ಪ್ರೆಸ್‌ಗಳ ಶೆಡ್. ಕರೆದವರು ಪಕ್ಕದ ಶೆಡ್ಡಿನ ಫೋರ್‌ಮನ್. ಗದಗದ ಕಡೆಯವರು, ಬಾಗಲಗುಂಟೆಯಲ್ಲಿ ಒಂದು ರೂಮು, ಒಬ್ಬರೇ. ನಮ್ಮ ಸ್ನೇಹ ಶುರುವಾದದ್ದು ಮಾಕಳಿಯಲ್ಲಿ ನಾನು ಹಳೆಯ ಪ್ರೆಸ್ ಕೊಳ್ಳಲು ಹೋದಾಗ. ಜೊತೆಗೆ ಬಂದ ಇವರು ಸ್ಕ್ರೂಡ್ರೈವರ್ ಇಟ್ಟು ಕೇಳಿ, ಮಾರುವವನ ಮುಂದೆಯೇ ‘ಅಯ್ಯೋ ಪಾಪ’ ಎಂದು ಮಷಿನ್ನಿನ ಬೆನ್ನು ಸವರಿದರು. ಅಷ್ಟಕ್ಕೇ ಬೆಲೆ ಇಳಿಯಿತು. ಹೊರಗೆ ಬಂದ ಮೇಲೆ, ‘ನಿಜವಾಗ್ಲೂ ಹೋಗಿದ್ಯಾ?’ ಎಂದೆ. ‘ಹೋಗಿಲ್ರಿ. ನೆಗಡಿ ಆಗೇತಿ ಅಷ್ಟ. ಗ್ರೀಸ್ ಹಾಕಿದ್ರ ಸುಮ್ನಾಕ್ಕತಿ’ ಎಂದರು.

ಅವರ ಶೆಡ್ಡಿನಲ್ಲಿ ಒಮ್ಮೆ ವೇದಿಕೆಗೆ ಬೇಕಾದ ಕಬ್ಬಿಣದ ಚೌಕಟ್ಟು ಮಾಡಿದ್ದರು. ಅದನ್ನು ಜೋಡಿಸಲು ವೈಟ್‌ಫೀಲ್ಡಿಗೆ ಹೋದವರು ಅಲ್ಲಿನ ಹುಡುಗರ ಬ್ಯಾಂಡ್ ಕೇಳಿ ಮರುಳಾದರು. ಆಮೇಲೆ ತಿಂಗಳಿಗೊಂದು ಶನಿವಾರ ತಲೆಗೆ ಸ್ನಾನ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಕರೆಂಟ್ ನೋಡುವ ಸಣ್ಣ ಸ್ಕ್ರೂಡ್ರೈವರ್, ಅಂದರೆ ಟೆಸ್ಟರ್, ದಾಸರಹಳ್ಳಿಯಿಂದ ಮೆಟ್ರೋ. ‘ಸಿನಿಮಾದ್ದಲ್ರಿ, ತಾವ ಬರದು ತಾವ ಹಾಡ್ತಾವ ಆ ಹುಡುಗ್ರು’ ಎಂದು, ತಾವೇ ಹೆತ್ತವರಂತೆ ಹೇಳುತ್ತಿದ್ದರು.

ನನಗೊಂದು ಗುಟ್ಟಿತ್ತು. ಎರಡು ವರ್ಷದಿಂದ ಕಿವಿ ಮಂದವಾಗುತ್ತಿತ್ತು. ಹೆಂಡತಿಗೂ ಹೇಳಿರಲಿಲ್ಲ. ಪ್ರೆಸ್ಸಿನ ಗದ್ದಲದಲ್ಲಿ ಬೆಳೆದವನಿಗೆ ತುಟಿ ನೋಡಿ ಮಾತು ಹಿಡಿಯುವುದು ಅಭ್ಯಾಸ, ಹೇಗೋ ನಡೆಯುತ್ತಿತ್ತು. ಆದರೆ ಚೌಕಾಸಿಯಲ್ಲಿ ಎದುರಿನವನ ದನಿ ಎಲ್ಲಿ ಸಡಿಲವಾಗುತ್ತದೆ ಎಂಬುದನ್ನು ಕೇಳಿಯೇ ನಾನು ಈ ಶೆಡ್ ಕಟ್ಟಿದ್ದು. ಜೊತೆಗೆ, ಪ್ರೆಸ್ಸಿನ ಬಾಯಲ್ಲಿ ಒಬ್ಬನ ಕೈ ಸಿಕ್ಕು, ಅವನು ‘ನಿಲ್ಸಿ’ ಎಂದು ಕೂಗಿದ್ದು ನನಗೆ ಕೇಳದೆ ಹೋದರೆ? ಆ ಯೋಚನೆಗೆ ನಿದ್ದೆ ಬರುತ್ತಿರಲಿಲ್ಲ.

ಆ ಶನಿವಾರ ನಾವು ವೈಟ್‌ಫೀಲ್ಡಿನ ಹಾಲ್ ತಲುಪುವಷ್ಟರಲ್ಲಿ, ಹಾಡಬೇಕಿದ್ದ ಮೂರು ಬ್ಯಾಂಡ್‌ಗಳಲ್ಲಿ ಒಂದು ಮುಗಿದಿತ್ತು. ಟಿಕೆಟ್ ಎಂಟುನೂರು. ‘ಒಂದು ಹೋಯ್ತಲ್ಲಮ್ಮಾ, ಎರಡರ ದುಡ್ಡು ತಗೋ’ ಎಂದೆ.

‘ಅಂಕಲ್, ಇದೇನು ತರಕಾರಿ ಮಾರ್ಕೆಟ್ಟಾ?’ ಎಂದಳು ಬಾಗಿಲಿನ ಹುಡುಗಿ.

‘ತರಕಾರಿ ಆದ್ರೆ ಮನೆಗಾದ್ರೂ ತಗೊಂಡೋಗ್ತೀನಿ. ಇದನ್ನ ಇಲ್ಲೇ ಬಿಟ್ಟೋಗ್ಬೇಕು.’

ನಕ್ಕು ಆರುನೂರಕ್ಕೆ ಬಿಟ್ಟಳು.

ಎರಡನೆಯ ಬ್ಯಾಂಡಿನ ಡ್ರಮ್ಮು ನನಗೆ ಎದೆಗೇ ಬಡಿಯಿತು. ಖುಷಿಯಾಯಿತು. ಆ ಸದ್ದಿನಲ್ಲಿ ಯಾರಿಗೂ ಯಾರ ಮಾತೂ ಕೇಳುತ್ತಿರಲಿಲ್ಲ, ನಾನೊಬ್ಬನೇ ತುಟಿ ನೋಡಿ ಎಲ್ಲರ ಮಾತನ್ನೂ ಹಿಡಿಯುತ್ತಿದ್ದೆ. ಆಮೇಲೆ ಮೂರನೆಯವರು ಬಂದರು. ಒಂದು ಗಿಟಾರು, ಒಬ್ಬಳು ಹುಡುಗಿ. ಮೈಕನ್ನು ಬಾಯಿಗೆ ಹತ್ತಿಸಿಕೊಂಡು ನಿಂತಳು. ಜನ ಮಿಸುಕದೆ ಕೂತರು. ನನಗೆ ಏನೂ ಕೇಳಲಿಲ್ಲ. ಪಾಪ, ಮೈಕ್ ಕೆಟ್ಟಿದೆ, ಯಾರೂ ಹೇಳುತ್ತಿಲ್ಲವಲ್ಲ ಎಂದುಕೊಂಡು ಎದ್ದು ನಿಂತೆ. ಶೆಡ್ಡಿನ ಗಂಟಲಲ್ಲಿ ಕೂಗಿದೆ: ‘ಮೈಕ್ ಆನ್ ಮಾಡ್ರಪ್ಪೋ!’

ಇಡೀ ಹಾಲ್ ನನ್ನತ್ತ ತಿರುಗಿತು. ಹುಡುಗಿ ಅರ್ಧ ಹಾಡಿನಲ್ಲಿದ್ದಳಂತೆ. ಫೋರ್‌ಮನ್ ಎದ್ದು ಕೈ ಮುಗಿದರು. ಅವರೇನು ಹೇಳಿದರೆಂದು ನನಗೆ ಮರುದಿನ ಗೊತ್ತಾಯಿತು: ‘ತಪ್ಪಾತವ್ವಾ. ನಾವು ಪೀಣ್ಯದವ್ರು, ಸದ್ದು ಕಮ್ಮಿ ಆದ್ರ ಕರೆಂಟ್ ಹೋತಂತ ಹೆದರ್ತೀವಿ. ನೀ ಹಾಡು.’ ಜನ ನಕ್ಕು ಚಪ್ಪಾಳೆ ತಟ್ಟಿದರು.

ನನ್ನನ್ನು ಹೊರಗೆ ಕರೆತಂದರು. ಬೆನ್ನು ತೋರಿಸಿಕೊಂಡು ಏನೋ ಹೇಳುತ್ತಾ ಮುಂದೆ ನಡೆದರು. ನಾನು ‘ಹೂಂ, ಹೂಂ’ ಎನ್ನುತ್ತಾ ಹಿಂದೆ ನಡೆದೆ. ಥಟ್ಟನೆ ತಿರುಗಿದರು.

‘ಏನ್ ಹೂಂ? ನಿಮ್ಮ ಆರೂ ಪ್ರೆಸ್ ನನಗ ಬರಕೊಡ್ರಿ ಅಂದೆ. ಎರಡು ಸಲ ಹೂಂ ಅಂದ್ರಿ.’

ನಗಬೇಕೆಂದುಕೊಂಡೆ, ಆಗಲಿಲ್ಲ. ಪಾರ್ಕಿಂಗ್ ಕಟ್ಟೆಯ ಮೇಲೆ ಕೂತುಬಿಟ್ಟೆ. ‘ಎಷ್ಟು ದಿನ ಆತು?’ ಎಂದರು. ಹೇಳಿದೆ. ‘ಪೂರ್ತಿ ಹೋಗ್ಬಿಡುತ್ತೆ ಕಣ್ರೀ, ಶೆಡ್ ಮುಚ್ಚಬೇಕಾಗುತ್ತೆ’ ಎಂದೂ ಹೇಳಿದೆ. ಹೇಳಿದ್ದೇ ತಡ, ಎರಡು ವರ್ಷ ಹೊತ್ತ ಮೂಟೆ ಇಳಿಸಿದಂತಾಯಿತು. ಅವರು ‘ಏಳ್ರಿ, ನೋಡೋಣು’ ಎಂದು ಮತ್ತೆ ಒಳಗೆ ಎಳೆದುಕೊಂಡು ಹೋದರು.

ವೇದಿಕೆಯ ಪಕ್ಕ ಆಳೆತ್ತರದ ಸ್ಪೀಕರ್ ಪೆಟ್ಟಿಗೆ. ಜೇಬಿನ ಟೆಸ್ಟರ್ ತೆಗೆದು ತುದಿಯನ್ನು ಅದರ ಮರಕ್ಕೆ ಊರಿ, ಹಿಡಿಯನ್ನು ನನ್ನ ಕಿವಿಯ ಹಿಂದಿನ ಮೂಳೆಗೆ ಒತ್ತಿದರು. ಜನ ಏನೆಂದುಕೊಂಡರೋ. ಮೊದಲು ಗಿಟಾರಿನ ದಪ್ಪ ತಂತಿ ಗುಂಯ್ ಎಂದಿತು. ಆಮೇಲೆ, ಗೋಡೆಯಾಚೆ ಯಾರೋ ಹಾಡಿದ ಹಾಗೆ, ಆ ಹುಡುಗಿಯ ದನಿ. ನಾನು ಅವರ ತೋಳು ಹಿಡಿದುಕೊಂಡೆ. ಅವರು ನನ್ನ ಮುಖಕ್ಕೆ ಮುಖ ಕೊಟ್ಟು, ತುಟಿ ಬಿಡಿಸಿ ಬಿಡಿಸಿ ಹೇಳಿದರು: ‘ಒಳಗಿನ ಬೇರಿಂಗ್ ಪೂರ್ತಿ ಹೋಗಿಲ್ರಿ. ಹೊರಗ ಏನೋ ಜಾಮ್ ಆಗೇತಿ.’

ಸೋಮವಾರ ತಾವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಎಣ್ಣೆ, ಧೂಳು, ಗುಗ್ಗೆ ಸೇರಿ ಎರಡೂ ಕಿವಿಗಳಲ್ಲಿ ಬಿರಡೆಯಂತೆ ಗಟ್ಟಿಯಾಗಿತ್ತು. ಅದನ್ನು ತೆಗೆದಾಗ ಡಾಕ್ಟರ ಟೇಬಲ್ ಮೇಲಿನ ಕಾಗದ ಸರಿದ ಸದ್ದಿಗೆ ಬೆಚ್ಚಿದೆ. ಗದ್ದಲಕ್ಕೆ ಸವೆದಿದ್ದ ಪಾಲು ಮರಳಿ ಬರುವುದಿಲ್ಲ, ಆದರೆ ಉಳಿದದ್ದನ್ನು ಕಾಪಾಡಿಕೊಳ್ಳಬಹುದು ಎಂದರು ಡಾಕ್ಟರು. ಎಡಗಿವಿಗೆ ಕೇಳಿಸುವ ಮಷಿನ್ ಬಂತು. ಶೆಡ್ ನಡೆಯುತ್ತಿದೆ. ಫೋರ್‌ಮನ್ ಕೆಲಸ ಬಿಟ್ಟು ಊರು ಸೇರಿ ಒಂದು ವರ್ಷವಾಯಿತು. ಅವರಿಗೆ ನಾನು ಏನು ಕೊಟ್ಟರೂ ಸಾಲದು. ಕೊಡಲು ಹೋದರೆ ಬೈಯುತ್ತಾರೆ.

ಓದುವ ನಿಮಗೆ ಹೇಳುವುದಿಷ್ಟು. ಕಿವಿಗೆ ಪಿನ್ನು, ಕಡ್ಡಿ ಹಾಕಬೇಡಿ, ನಮ್ಮ ಶೆಡ್ಡಿನವರ ಹಾಗೆ ಕಂಪ್ರೆಸರ್ ಗಾಳಿಯನ್ನಂತೂ ಬಿಡಲೇಬೇಡಿ. ಗದ್ದಲದ ಕೆಲಸವಾದರೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ. ಕಿವಿ ಮಷಿನ್ ಕೊಳ್ಳುವುದಾದರೆ ಹೇಳಿದ ಬೆಲೆಗೆ ಹೂಂ ಎನ್ನಬೇಡಿ, ಹದಿನೈದು ದಿನ ಹಾಕಿ ನೋಡಲು ಕೇಳಿ, ಕೊಡುತ್ತಾರೆ. ಕೊಡದಿದ್ದರೆ ಎದ್ದು ಪಕ್ಕದ ಅಂಗಡಿಗೆ ಹೋಗಿ. ಹೋಗುವಾಗ ಒಬ್ಬರೇ ಹೋಗಬೇಡಿ. ನಿಮ್ಮ ಬೆನ್ನ ಹಿಂದೆ ನಿಂತು ಮೆಲ್ಲಗೆ ಬೈಯಬಲ್ಲ ಒಬ್ಬ ಸ್ನೇಹಿತನನ್ನು ಕರೆದುಕೊಂಡು ಹೋಗಿ. ಬೈದದ್ದು ಕೇಳಿಸಿದರೆ ಮಾತ್ರ ದುಡ್ಡು ಕೊಡಿ.